ಬೆಣ್ಣೆ ತೆಗೆದ ಹಾಲು

ಹಾಲಿನ ಪುಡಿಯ ಪೀಪಾಯಿಗಳು ನಮ್ಮ ಕಡೆಗೆ ಬಂದ ಬೆಳಿಗ್ಗೆ ನಾನು ದೊಡ್ಡಮ್ಮನ ಹಿತ್ತಿಲಲ್ಲಿ ಮಜ್ಜಿಗೆಗೆ ಕಾಯುತ್ತಾ ಕುಳಿತಿದ್ದೆ. ದೊಡ್ಡಮ್ಮ ಆ ಊರಿನ ಪಟೇಲರ ಮನೆಯ ಹಿರಿಯ ಹೆಂಗಸು. ಊರಿನವರೆಲ್ಲ ಹಾಗೆ ಕರೆಯುತ್ತಿದ್ದುದರಿಂದ ನಾನೂ ಹಾಗೇ ಕರೆಯುತ್ತಿದ್ದೆ. ಊರು ಸರಗೂರಿನಿಂದ ಕಾಡಿನ ಕಡೆಗೆ ಹೋಗುವ ದಾರಿಯಲ್ಲಿತ್ತು. ಐವತ್ತರ ದಶಕದ ನಡುವಿನ ಮಾತು. ಕೋಟೆ ತಾಲ್ಲೂಕಿನ ಅಭಿವೃದ್ಧಿ ಬ್ಲಾಕಿನಲ್ಲಿ ಹೆಂಗಸರ ಮತ್ತು ಮಕ್ಕಳ ಕೆಲಸ ನನ್ನ ಪಾಲಿಗಿತ್ತು.

ಆ ಭಾಗದಲ್ಲಿ ಮಜ್ಜಿಗೆಯನ್ನು ಯಾರೂ ಮಾರುತ್ತಿರಲಿಲ್ಲ. ಮೊಸರು ಕಡೆದು ಬೆಣ್ಣೆ ತೆಗೆದರೆ ಬೆಣ್ಣೆ ಮನೆಗೆ, ತುಪ್ಪಕ್ಕೆ, ಹೆಚ್ಚಾದರೆ ಸರಗೂರಿನ ಸಂತೆಗೆ. ಮಜ್ಜಿಗೆ ಮಾತ್ರ ಪಾತ್ರೆ ಹಿಡಿದು ಬಂದವರಿಗೆ. ಕಾಡಂಚಿನ ಹಾಡಿಗಳ ಬುಡಕಟ್ಟಿನವರು ಬೇಲಿಯಾಚೆ ನಿಲ್ಲುತ್ತಿದ್ದರು, ಅವರಿಗೂ ಹೊಯ್ಯುತ್ತಿದ್ದರು. ಈ ಪದ್ಧತಿಗೆ ನಾನು ಸೇರಿಸಿದ್ದು ಒಂದು ಕ್ರಮವನ್ನು ಮಾತ್ರ. ಎಲ್ಲ ಮನೆಗಳೂ ಒಂದೇ ದಿನ ಕಡೆದು ಮರುದಿನ ಸುಮ್ಮನಿರುವ ಬದಲು ಸರದಿಯ ಮೇಲೆ ಕಡೆದರೆ ಪ್ರತಿದಿನವೂ ಒಂದಿಷ್ಟು ಮಜ್ಜಿಗೆ ಸಿಗುತ್ತದೆ. ಅದನ್ನು ರಾಗಿ ಅಂಬಲಿಗೆ ಬೆರೆಸಿ, ಸ್ಕೂಲಿನ ಪಕ್ಕದ ಚಪ್ಪರದಲ್ಲಿ ಹಾಡಿಯ ಮಕ್ಕಳಿಗೂ ಕೂಲಿಯವರ ಮಕ್ಕಳಿಗೂ ಬೆಳಗಿನ ಹೊತ್ತು ಕೊಡಬಹುದು.

ಹೇಳಲು ಇಷ್ಟೇ. ಮಾಡಲು ಒಂದು ಸುಗ್ಗಿಯಿಂದ ಇನ್ನೊಂದು ಸುಗ್ಗಿಯವರೆಗೆ ಹಿಡಿಯಿತು. ಯಾವ ಮನೆಯಲ್ಲಿ ಯಾವ ದಿನ ಕಡೆಯುತ್ತೀರಿ ಎಂದು ಕೇಳಿದಾಗ ಒಬ್ಬ ಹೆಂಗಸು ಕಡಗೋಲನ್ನು ಸೆರಗಿನಲ್ಲಿ ಮುಚ್ಚಿಕೊಂಡು, "ಕಡಿಯೋಕೂ ಕಂದಾಯ ಆಕ್ತೀರಾ ಅಮ್ಮಾವ್ರೇ?" ಎಂದಳು. ಕೊನೆಗೆ ದೊಡ್ಡಮ್ಮ ತಮ್ಮ ಮನೆಯ ಮಣ್ಣಿನ ಗಡಿಗೆಯೊಂದನ್ನು ನನ್ನ ಕೈಗೆ ಕೊಟ್ಟು, "ನಮ್ಮನೇದು ಮೊದ್ಲು ತಕ್ಕೊಂಡೋಗಿ, ಮಿಕ್ಕೋರು ತಾವೇ ಕೊಡ್ತಾರೆ" ಎಂದ ಮೇಲೆ ಉಳಿದ ಮನೆಗಳು ಬಗ್ಗಿದವು. ಆ ಗಡಿಗೆಯನ್ನು ನಾನು ಪ್ರತಿದಿನ ಬಿಸಿನೀರಿನಲ್ಲಿ ತೊಳೆದು, ಬಿಸಿಲಿಗೆ ಒಣಗಿಸಿ ಹಿಂತಿರುಗಿಸುತ್ತಿದ್ದೆ. ಅದರ ಚೊಕ್ಕಟತನದ ಬಗ್ಗೆ ನನಗೆ ಹೆಮ್ಮೆಯಿತ್ತು.

ಅಂದು ಬೆಳಿಗ್ಗೆ ಜೀಪು ನಿಂತದ್ದು ದೊಡ್ಡಮ್ಮನ ಮನೆಯ ಮುಂದೆಯೇ. ನಮ್ಮ ಬ್ಲಾಕಿನ ಅಧಿಕಾರಿ ಇಳಿದರು. ಅವರ ಹಿಂದೆ ಇಳಿದವಳು ಅಮೆರಿಕದ ಸರ್ಕಾರದ ನೆರವಿನ ಯೋಜನೆಯಿಂದ ಬಂದ ಆಹಾರ ತಜ್ಞೆ. ನನಗಿಂತ ನಾಲ್ಕಾರು ವರ್ಷ ದೊಡ್ಡವಳಿರಬಹುದು. ಜೀಪಿನ ಹಿಂದೆ ದಪ್ಪ ರಟ್ಟಿನ ಪೀಪಾಯಿಗಳು. ಅವುಗಳ ಮೇಲೆ ಒಂದಕ್ಕೊಂದು ಕೈಕುಲುಕುವ ಎರಡು ಕೈಗಳ ಚಿತ್ರ.

ಅವಳು ನೇರವಾಗಿ ಹಿತ್ತಿಲಿಗೆ ನಡೆದು ಬಂದಳು. ದೊಡ್ಡಮ್ಮ ಕಡೆಯುತ್ತಿದ್ದರು. ಅವಳು ನೆಲದ ಮೇಲೆ ಅವರ ಎದುರೇ ಕುಳಿತು, ಕಡಗೋಲಿನ ಹಗ್ಗಕ್ಕೆ ಕೈ ಚಾಚಿ, "ನಾನು ಎಳೆಯುವುದು?" ಎಂದಳು. ಮೈಸೂರಿನಲ್ಲಿ ಕೆಲವು ವಾರ ಕಲಿತ ಕನ್ನಡ ಅದು. ಎರಡೇ ಎಳೆತಕ್ಕೆ ಮೊಸರು ಅವಳ ಗೌನಿಗೆ ಚಿಮ್ಮಿತು. ಸೊಸೆಯಂದಿರು ಬಿದ್ದುಬಿದ್ದು ನಕ್ಕರು.

"ಅಯ್ಯೋ ಕೂಸೇ, ಬಾವಿ ಸೇದೋ ಅಂಗೆ ಎಳೀತೀಯಲ್ಲೇ!" ಎಂದು ದೊಡ್ಡಮ್ಮ ಅವಳ ಕೈಯ ಮೇಲೆ ತಮ್ಮ ಕೈಯಿಟ್ಟು ಎಳೆಸಿದರು. ಬೆಣ್ಣೆ ಬಂದಾಗ ಒಂದು ಉಂಡೆ ತೆಗೆದು ಅವಳ ಅಂಗೈಗೆ ಹಾಕಿದರು. ಅವಳು ಅಲ್ಲೇ ನೆಕ್ಕಿದಳು.

ನಾನು ವರ್ಷಕ್ಕೂ ಹೆಚ್ಚು ಕಾಲದಿಂದ ಆ ಹಿತ್ತಿಲಿಗೆ ಬರುತ್ತಿದ್ದೆ. ಬಂದೊಡನೆ ನನಗೆ ಮಣೆ ಹಾಕುತ್ತಿದ್ದರು. ಮಜ್ಜಿಗೆಯನ್ನು ಗಡಿಗೆಗೆ ಸುರಿದು ಮರ್ಯಾದೆಯಿಂದ ಮುಂದಿಡುತ್ತಿದ್ದರು. ಕಡೆಯುವ ಜಾಗದಲ್ಲಿ ನನ್ನನ್ನು ಎಂದೂ ಕೂರಿಸಿರಲಿಲ್ಲ. ಬೆಣ್ಣೆಯಂತೂ ಮಕ್ಕಳಿಗೆ, ಬಸುರಿಯರಿಗೆ, ತವರಿಗೆ ಬಂದ ಹೆಣ್ಣುಮಕ್ಕಳಿಗೆ. ಆವತ್ತು ಮಣೆಯ ಮೇಲೆ ಕುಳಿತು ಆ ಬಿಳಿಯ ಅಂಗೈಯನ್ನು ನೋಡಿದ್ದು ನನಗೆ ಇವತ್ತಿಗೂ ಸ್ಪಷ್ಟವಾಗಿ ನೆನಪಿದೆ.

ಮರುದಿನದಿಂದ ಚಪ್ಪರದಲ್ಲಿ ಪುಡಿಯ ಹಾಲು ಶುರುವಾಯಿತು. ಮಿಸ್ಸಮ್ಮ (ಊರು ಅವಳಿಗೆ ಕೊಟ್ಟ ಹೆಸರು) ಎಲ್ಲವನ್ನೂ ಕ್ರಮವಾಗಿ ತೋರಿಸಿದಳು. ನೀರು ಮರಳಬೇಕು, ಆರಿ ಬೆಚ್ಚಗಾಗಬೇಕು. ಪುಡಿಯನ್ನು ಮೊದಲು ಸ್ವಲ್ಪ ನೀರಿನಲ್ಲಿ ಗಂಟಿಲ್ಲದಂತೆ ಕಲಸಿಕೊಂಡು ಆಮೇಲೆ ಉಳಿದ ನೀರನ್ನು ಹೊಯ್ಯಬೇಕು. ಕಲಸಿದ ಹಾಲನ್ನು ಇಡದೆ ಆಗಲೇ ಕುಡಿಸಬೇಕು. ಅವಳ ಕೆಲಸದಲ್ಲಿ ತಪ್ಪು ಹುಡುಕಿದೆ, ಸಿಗಲಿಲ್ಲ.

ಒಂದು ವಾರದೊಳಗೆ ಮನೆಗಳು ಮಜ್ಜಿಗೆ ನಿಲ್ಲಿಸಿದವು. ಜಗಳವಿಲ್ಲ, ಬೇಸರವಿಲ್ಲ. ನನ್ನ ಗಡಿಗೆ ನೋಡಿ ದೊಡ್ಡಮ್ಮನ ಹಿರಿಯ ಸೊಸೆ ಹೇಳಿದಳು: "ಅಮೆರಿಕದೋರೇ ಹಾಲ್ ಕೊಡ್ತಾವ್ರಂತಲ್ಲ. ಇನ್ನು ನಮ್ಮ ಮಜ್ಜಿಗೆ ಯಾಕ್ ಬುಡಿ ಅಮ್ಮಾವ್ರೇ."

ನಾನು ಅಧಿಕಾರಿಗಳ ಹತ್ತಿರ ಹೋದೆ. ಪುಡಿ ಬರಲಿ, ಆದರೆ ಮನೆಗಳ ಸರದಿ ತಪ್ಪಬಾರದು, ಹಡಗಿನಲ್ಲಿ ಬರುವುದು ಯಾವತ್ತಾದರೂ ನಿಲ್ಲುತ್ತದೆ, ಆಗ ಮಕ್ಕಳಿಗೆ ಎರಡೂ ಇರುವುದಿಲ್ಲ ಎಂದೆ. ಒಳ್ಳೆಯ ಮನುಷ್ಯರು. ಕನ್ನಡಕ ತೆಗೆದು ಒರೆಸಿಕೊಂಡು, "ಮಜ್ಜಿಗೇನ ವರದೀಲಿ ಎಲ್ಲಿ ಬರೀಲಮ್ಮ? ಅದಕ್ಕೊಂದು ಕಲಮೇ ಇಲ್ಲ. ಪುಡಿಗಿದೆ" ಎಂದರು. ಮುಂದಿನ ತಿಂಗಳು ದೆಹಲಿಯಿಂದ ಅಮೆರಿಕದ ದೊಡ್ಡ ಅಧಿಕಾರಿಯೊಬ್ಬರು ನೋಡಲು ಬರುತ್ತಾರೆಂದೂ, ಅಷ್ಟರಲ್ಲಿ ಚಪ್ಪರಕ್ಕೆ ಸುಣ್ಣ ಹೊಡೆಸಬೇಕೆಂದೂ ಹೇಳಿದರು. "ಮಿಸ್ಸಮ್ಮನವರ ಕೇಂದ್ರ ನಮ್ಮ ಬ್ಲಾಕಿಗೇ ಹೆಸರು ತರುತ್ತೆ" ಎಂದೂ ಸೇರಿಸಿದರು. ಚಪ್ಪರದ ಕಂಬಗಳನ್ನು ನಾನು ಮನೆಮನೆಯಿಂದ ಕೇಳಿ ತಂದಿದ್ದೆ.

ಸರಗೂರಿನ ಸಂತೆಯಲ್ಲಿ ಬೇರೆ ಮಾತು ಹಬ್ಬಿತ್ತು. ಪುಡಿ ಕುಡಿದವರನ್ನು ಜಾತಿ ಕೆಡಿಸುತ್ತಾರಂತೆ. ಇವತ್ತು ಪುಡಿ ಕೊಟ್ಟವರು ನಾಳೆ ಓಟು ಕೇಳುತ್ತಾರಂತೆ. ಅವರ ದೇಶದಲ್ಲಿ ಹಂದಿಗೆ ಹಾಕಿ ಮಿಕ್ಕದ್ದಂತೆ. ನಾನು ಯಾವುದನ್ನೂ ನಂಬಲಿಲ್ಲ, ಆದರೆ ಅಲ್ಲಗಳೆಯಲು ಹೋಗುವ ಉತ್ಸಾಹವೂ ಬರಲಿಲ್ಲ.

ಅಷ್ಟರಲ್ಲಿ ಹಾಡಿಯ ಮಕ್ಕಳ ಹೊಟ್ಟೆ ಕೆಟ್ಟಿತು. ಊರಿನ ಕೂಲಿಯವರ ಮಕ್ಕಳಿಗೆ ಏನೂ ಆಗಲಿಲ್ಲ, ಹಾಡಿಯವರಿಗೆ ಮಾತ್ರ. ಮಿಸ್ಸಮ್ಮ ನೀರು, ಪಾತ್ರೆ, ಕೈ ಎಲ್ಲವನ್ನೂ ಮತ್ತೆಮತ್ತೆ ಪರೀಕ್ಷಿಸಿದಳು. ಹಾಡಿಯ ಮಕ್ಕಳು ಬರುವುದನ್ನೇ ಬಿಟ್ಟರು. ಒಂದು ಬೆಳಿಗ್ಗೆ ಅರ್ಧ ಖಾಲಿಯಾದ ಚಪ್ಪರದಲ್ಲಿ ಅವಳು ತಲೆಗೆ ಕೈಹೊತ್ತು ಕುಳಿತಿದ್ದಳು. "ನಮ್ಮೂರಲ್ಲಿ ಪ್ರತಿ ಮಗುವೂ ಇದನ್ನೇ ಕುಡಿಯುತ್ತೆ" ಎಂದು ಇಂಗ್ಲಿಷಿನಲ್ಲಿ ಹೇಳಿದಳು. ಅವಳ ಮುಖ ಬಾಡಿದ್ದು ನೋಡಿ ನನಗೆ ಒಂದು ಗಳಿಗೆ ಹಿತವಾಯಿತು. ಆ ಹಿತ ಹಾಡಿಯ ದಾರಿ ಹಿಡಿಯುವವರೆಗೂ ಉಳಿಯಲಿಲ್ಲ.

ಹಾಡಿಗೆ ಇಬ್ಬರೂ ಹೋದೆವು. ಮೂರು ಮಕ್ಕಳನ್ನು ದಿನಾ ಕರೆತರುತ್ತಿದ್ದ ತಾಯಿಯೊಬ್ಬಳು ಗುಡಿಸಲ ಮುಂದೆ ಬಿದಿರು ಸೀಳುತ್ತಿದ್ದಳು.

"ಯಾಕೆ ಕಳಿಸ್ತಿಲ್ಲ?" ಎಂದೆ.

"ಎಂಗ್ ಕಳಿಸನಮ್ಮೋ? ಆ ಬಿಳಿ ನೀರು ಕುಡುದ್ರೆ ಒಟ್ಟೆ ಗುಡುಗುಡು ಅಂತದೆ. ನಮ್ಮಕ್ಳು ಮೊಲೆ ಬುಟ್ಟ ಮ್ಯಾಲೆ ಹಾಲು ಕಂಡವಾ? ಮಜ್ಜಿಗೆ ಕೊಡಿ, ಕುಣ್ಕೊಂಡು ಬತ್ತವೆ."

ಮಿಸ್ಸಮ್ಮನಿಗೆ ಅದನ್ನು ಇಂಗ್ಲಿಷಿನಲ್ಲಿ ಹೇಳುತ್ತಿದ್ದಂತೆಯೇ ದಾರಿ ಹೊಳೆಯಿತು. ಹಾಲು ಒಗ್ಗದ ಮಕ್ಕಳಿಗೆ ಮಜ್ಜಿಗೆ ಒಗ್ಗುತ್ತಿತ್ತು. ಹಾಗಾದರೆ ಈ ಹಾಲಿಗೂ ಹೆಪ್ಪು ಹಾಕಬೇಕು. ಅವಳು ತಕ್ಷಣ ಒಪ್ಪಲಿಲ್ಲ. ಕಲಸಿದ ಹಾಲನ್ನು ಇಡಬಾರದೆಂಬುದು ಅವಳಿಗೆ ಬಂದ ಸೂಚನೆ. ಮೇಲಿನವರನ್ನು ಕೇಳಬೇಕೆಂದಳು. ನಮ್ಮ ಅಧಿಕಾರಿಗಳೂ ಅದನ್ನೇ ಹೇಳಿದರು. ಉತ್ತರ ಬರುವ ಹೊತ್ತಿಗೆ ದೆಹಲಿಯ ಭೇಟಿಯೂ ಮುಗಿದು ಮಳೆಗಾಲವೇ ಬಂದುಬಿಡುತ್ತಿತ್ತು. ನಾನು ಯಾರ ಉತ್ತರಕ್ಕೂ ಕಾಯುವುದಿಲ್ಲವೆಂದು ತೀರ್ಮಾನಿಸಿ, ಅಂದು ಸಂಜೆಯೇ ಪುಡಿ ತೆಗೆದುಕೊಂಡು ದೊಡ್ಡಮ್ಮನ ಮನೆಗೆ ಹೊರಟೆ. ಅರ್ಧ ದಾರಿಗೆ ಅವಳು ಹಿಂದಿನಿಂದ ಓಡಿಬಂದು ಸೇರಿಕೊಂಡಳು. ಒಬ್ಬಳೇ ಹೋಗಬೇಕೆಂದಿದ್ದೆ.

"ಸದ್ಯ, ದೀಪ ಅಚ್ಚೋಕ್ ಮುಂಚೆ ಬಂದ್ರಿ. ದೀಪ ಅಚ್ಚಿದ್ ಮ್ಯಾಲೆ ಹೆಪ್ಪು ಆಚೆ ಕೊಡಾಕಿಲ್ಲ ನಾವು" ಎಂದು ದೊಡ್ಡಮ್ಮ ಸೌಟಿನಲ್ಲಿ ಮೊಸರು ಹಾಕಿಕೊಟ್ಟರು. ಪುಡಿಯ ಹಾಲನ್ನು ಅವರ ಮನೆಯ ದೊಡ್ಡ ಗಡಿಗೆಗಳಲ್ಲೇ ಬೆಚ್ಚಗಿಟ್ಟು ಹೆಪ್ಪು ಬೆರೆಸಿದೆವು.

ಬೆಳಿಗ್ಗೆ ಮೊಸರಾಗಿತ್ತು. ಸ್ವಲ್ಪ ತೆಳು, ಆದರೆ ಹುಳಿ ಸರಿಯಾಗಿತ್ತು. ನೀರು ಬೆರೆಸಿ ಕೊಟ್ಟರೆ ಸಾಕೆಂದೆ. ದೊಡ್ಡಮ್ಮ ಕೇಳಲಿಲ್ಲ. ಮೊಸರನ್ನು ಕಡೆಯದೆ ಕೊಡುವುದು ಅವರ ಕೈಗೆ ಬಾರದ ಕೆಲಸ. ಕಡಗೋಲು ಇಟ್ಟರು. ಸೊಸೆಯಂದಿರು ಬದಲಾಯಿಸಿಕೊಂಡು ಎಳೆದರು, ಪಕ್ಕದ ಮನೆಯವರು ಬಂದು ಎಳೆದರು. ನೊರೆ ಬಂತು, ಬೆಣ್ಣೆ ಬರಲಿಲ್ಲ. ತಣ್ಣೀರು ಹಾಕಿದರು, ಆಮೇಲೆ ಬಿಸಿನೀರು ಹಾಕಿದರು.

"ಇದ್ಯಾವ ಸೀಮೆ ಎಮ್ಮೆ ಕಣೇ ಮಿಸ್ಸಮ್ಮ?" ಎಂದಳು ಹಿರಿಯ ಸೊಸೆ, ರಟ್ಟೆ ಒತ್ತಿಕೊಳ್ಳುತ್ತಾ. "ತೋಳು ಬಿದ್ದೋದ್ವು, ಬೆಣ್ಣೆ ಮಾತ್ರ ಇಲ್ಲ!"

ಮಿಸ್ಸಮ್ಮ ನನ್ನ ಮುಖ ನೋಡಿದಳು. ಇದು ಕೆನೆ ತೆಗೆದ ಹಾಲಿನ ಪುಡಿ ಎಂದು ಪೀಪಾಯಿಯ ಮೇಲೇ ಇಂಗ್ಲಿಷಿನಲ್ಲಿ ಬರೆದಿತ್ತು. ನಮ್ಮ ಅಧಿಕಾರಿಗಳು ಊರ ಸಭೆಯಲ್ಲಿ ಅಪ್ಪಟ ಹಾಲೆಂದು ಸಾರಿದ್ದರು. ಅವಳಿಗೆ ಆ ವ್ಯತ್ಯಾಸವನ್ನು ಹೇಳುವಷ್ಟು ಕನ್ನಡವಿರಲಿಲ್ಲ. ನನಗಿತ್ತು.

"ಬೆಣ್ಣೆ ಎಲ್ಲಿ ಬರುತ್ತೆ ದೊಡ್ಡಮ್ಮ? ಬೆಣ್ಣೇನ ಅವರ ಊರಲ್ಲೇ ತಕ್ಕೊಂಡಿದ್ದಾರೆ. ಮಿಕ್ಕಿದ್ದನ್ನ ಒಣಗಿಸಿ ನಮಗೆ ಕಳಿಸಿದ್ದಾರೆ" ಎಂದೆ.

ಮಾತು ಸತ್ಯ. ಆದರೆ ಅದನ್ನು ಸತ್ಯಕ್ಕಾಗಿ ಆಡಿರಲಿಲ್ಲ. ಆ ಅಂಗೈಯ ಮೇಲಿನ ಬೆಣ್ಣೆಯ ಉಂಡೆ ನನ್ನ ಕಣ್ಣ ಮುಂದಿತ್ತು. ಬೆಣ್ಣೆ ಎಂಬ ಪದ ಮಿಸ್ಸಮ್ಮನಿಗೆ ಗೊತ್ತಿತ್ತು. ಅವಳ ಕತ್ತು ಕೆಂಪಾಯಿತು.

ದೊಡ್ಡಮ್ಮ ಕಡಗೋಲನ್ನು ಗಡಿಗೆಯ ಬಾಯಿಗೆ ತಟ್ಟಿ, ಅಂಟಿದ ನೊರೆಯನ್ನು ಬೆರಳಲ್ಲಿ ಸವರಿ ನಾಲಿಗೆಗೆ ಹಚ್ಚಿಕೊಂಡರು.

"ಅಂಗಾರೆ ಇದು ಅವ್ರೂರ್ ಮಜ್ಜಿಗೆ ಅನ್ನಿ."

"ಹೂಂ" ಎಂದೆ.

"ಅದ್ನ ಮೊದ್ಲೇ ಯೋಳಕ್ಕೇನಾಗಿತ್ತು? ಹಾಲು ಹಾಲು ಅಂತ ಡಂಗುರ ಹೊಡ್ಸುದ್ರಲ್ಲ ನಿಮ್ಮ ಸಾಯೇಬ್ರು. ಗುರ್ತಿಲ್ದೋರು ಹಾಲು ಯಾಕ್ ಕೊಡ್ತಾರೆ ಅಂತ ನಮಗೂ ಪುಕಪುಕ ಅಂತಿತ್ತು. ಮಜ್ಜಿಗೆಯಾದ್ರೆ ಸರಿ ಬುಡಿ. ನಾವೂ ಅಂಗೇ ಅಲ್ವಾ ಕೊಡೋದು? ಬೆಣ್ಣೆ ಯಾರಾರಾ ದಾನ ಮಾಡ್ತಾರಾ?" ಎಂದು ಮಿಸ್ಸಮ್ಮನ ಬೆನ್ನು ಸವರಿ, "ಯಾಕ್ ಕೂಸೇ ಮೊಕ ಸಣ್ಣಗ್ ಮಾಡ್ಕೊಂಡೆ? ನಿಮ್ಮೂರಲ್ಲೂ ಹಸ ಬೋ ಜಾಸ್ತಿಯಾ?" ಎಂದರು.

ನಾನು ಎಸೆದ ಕಲ್ಲು ಹೀಗೆ ಹೂವಾಗಿ ಅವಳ ಮಡಿಲಿಗೆ ಬಿತ್ತು.

ಅಂದಿನಿಂದ ಪೀಪಾಯಿಯ ಮಜ್ಜಿಗೆ, ಮನೆಗಳ ಮಜ್ಜಿಗೆ ಎರಡೂ ಒಂದೇ ಅಂಬಲಿಗೆ ಬಿದ್ದವು. ಮನೆಗಳನ್ನು ನಾನು ಮತ್ತೆ ಕೇಳಬೇಕಾಗಲಿಲ್ಲ. ಏಳು ಸಮುದ್ರದಾಚೆಯವರು ಮಜ್ಜಿಗೆ ಕೊಡುವಾಗ ಪಕ್ಕದ ಮನೆಯವರು ಸುಮ್ಮನಿರುವುದು ಹೇಗೆಂದು ಅವರೇ ಸರದಿ ಹಿಡಿದರು. ಹಾಡಿಯ ಮಕ್ಕಳು ಮರಳಿ ಬಂದರು.

ದೆಹಲಿಯ ಭೇಟಿಯ ದಿನ ಸುಣ್ಣ ಹೊಡೆದ ಚಪ್ಪರದಲ್ಲಿ ಎಲ್ಲವೂ ಕ್ರಮವಾಗಿ ನಡೆಯಿತು. ಆ ದೊಡ್ಡ ಅಧಿಕಾರಿ ಎತ್ತರದ, ಮೆದು ಮಾತಿನ ಮನುಷ್ಯ. ಭಾಷಾಂತರದ ಕೆಲಸ ನನ್ನದು. ಮಕ್ಕಳು ಕುಡಿದಾದ ಮೇಲೆ, ಹೊರಡುವ ಹೊತ್ತಿಗೆ, ದೊಡ್ಡಮ್ಮ ಮುಂದೆ, ಹಿಂದೆ ಇಬ್ಬರು ಸೊಸೆಯಂದಿರು ಒಂದು ಪೀಪಾಯಿಯನ್ನು ಹೊತ್ತು ತಂದು ಜೀಪಿನ ಮುಂದೆ ಇಳಿಸಿದರು. ಕೈಕುಲುಕುವ ಚಿತ್ರದ ಅಂಚಿನವರೆಗೂ ರಾಗಿ ತುಂಬಿತ್ತು.

ನಮ್ಮ ಅಧಿಕಾರಿಗಳು ಬೆವೆತರು. "ಇದೇನಮ್ಮ ಇದು? ಖಾಲಿ ಪೀಪಾಯಿ ಆಫೀಸಿಗೆ ಸೇರಿದ್ದು. ತೆಗೀರಿ, ತೆಗೀರಿ."

"ಬರೀ ಪಾತ್ರೆ ವಾಪಸ್ ಕಳಿಸ್ತಾರಾ ಸ್ವಾಮಿ? ಮಜ್ಜಿಗೆ ಇಸ್ಕಂಡಿದ್ದೀವಿ. ನಾಕು ಕಾಳಾದ್ರೂ ಹಾಕದೆ ಎಂಗ್ ಕಳಿಸದು?" ದೊಡ್ಡಮ್ಮ ನನ್ನ ಕಡೆ ತಿರುಗಿ ನಕ್ಕರು. "ನಮ್ಮ ಅಮ್ಮಾವ್ರು ಕಳಿಸ್ತಾರೆ ಬುಡಿ. ಥಳಥಳ ಅಂತ ತೊಳುದು, ಬರೀ ಗಡಿಗೆ. ಅವ್ರು ಸರ್ಕಾರದೋರು!"

ಊರೆಲ್ಲ ನಕ್ಕಿತು. ಆ ಪದ್ಧತಿ ನನಗೆ ಗೊತ್ತಿಲ್ಲದ್ದೇನಲ್ಲ. ಪಕ್ಕದ ಮನೆಯ ಬಟ್ಟಲನ್ನು ನಮ್ಮಮ್ಮ ಒಂದು ಚೂರು ಬೆಲ್ಲವನ್ನಾದರೂ ಇಡದೆ ಹಿಂತಿರುಗಿಸಿದ್ದನ್ನು ನಾನು ಕಂಡಿರಲಿಲ್ಲ. ಆದರೆ ಈ ಗಡಿಗೆ ಕೆಲಸದ ಗಡಿಗೆ, ನೌಕರಿಯಲ್ಲಿ ಕೊಡುಕೊಳ್ಳುವುದು ಸಲ್ಲದು ಎಂದು ನಾನು ವಿಂಗಡಿಸಿಟ್ಟಿದ್ದೆ. ಮಿಸ್ಸಮ್ಮ ದೊಡ್ಡಮ್ಮನ ಮನೆಯ ಚೊಂಬನ್ನು ಪೆಪ್ಪರಮೆಂಟು ತುಂಬಿಸಿ ವಾಪಸು ಕೊಟ್ಟದ್ದನ್ನು ನೋಡಿ ಅದನ್ನು ಓಲೈಕೆ ಎಂದುಕೊಂಡಿದ್ದೆ.

"ಇವರು ಏನು ಹೇಳುತ್ತಿದ್ದಾರೆ?" ಎಂದು ದೆಹಲಿಯವರು ಕೇಳಿದರು.

"ಪ್ರೀತಿಯ ಕಾಣಿಕೆ ಅಂದುಬಿಡಮ್ಮ, ಮುಗೀಲಿ" ಎಂದು ನಮ್ಮ ಅಧಿಕಾರಿಗಳು ಪಿಸುಗುಟ್ಟಿದರು.

ಹಾಗೆಂದಿದ್ದರೆ ಫೋಟೋ ತೆಗೆದು ಹೊರಟುಬಿಡುತ್ತಿದ್ದರು. ನಾನು ಇದ್ದದ್ದನ್ನು ಇದ್ದ ಹಾಗೇ ಹೇಳಿದೆ. ನೀವು ಕೊಟ್ಟದ್ದು ಬೆಣ್ಣೆ ತೆಗೆದ ಮೇಲೆ ಉಳಿದದ್ದೆಂದು ಇವರಿಗೆ ಗೊತ್ತು. ಇವರೂ ನೆರೆಯವರಿಗೆ ಕೊಡುವುದು ಅದನ್ನೇ. ಆದ್ದರಿಂದ ತೆಗೆದುಕೊಂಡದ್ದರಲ್ಲಿ ಇವರಿಗೆ ನಾಚಿಕೆಯಿಲ್ಲ. ಆದರೆ ಪಾತ್ರೆ ಬರಿದಾಗಿ ಹಿಂದಕ್ಕೆ ಹೋಗುವಂತಿಲ್ಲ. ನನ್ನ ಗಡಿಗೆಯ ವಿಷಯವೊಂದನ್ನು ಮಾತ್ರ ಬಿಟ್ಟೆ.

ಅವರು ಪೀಪಾಯಿಯ ಮೇಲಿನ ಕೈಗಳ ಚಿತ್ರವನ್ನೂ ಒಳಗಿನ ರಾಗಿಯನ್ನೂ ನೋಡಿದರು. ಆಮೇಲೆ, ತಮ್ಮ ಜನ ಪ್ರತಿಯಾಗಿ ಏನನ್ನೂ ಬಯಸುವುದಿಲ್ಲ, ತೆಗೆದುಕೊಳ್ಳಲು ನಿಯಮವೂ ಇಲ್ಲ, ಈ ರಾಗಿ ಮಕ್ಕಳಿಗೇ ಇರಲಿ ಎಂದರು. ಸೌಜನ್ಯದಿಂದಲೇ ಹೇಳಿದರು. ನಾನು ಕನ್ನಡದಲ್ಲಿ ಹೇಳಿದೆ.

ದೊಡ್ಡಮ್ಮನ ನಗು ಹೋಯಿತು. "ಏನೂ ಬ್ಯಾಡ್ವಂತಾ? ನಮ್ಮ ರಾಗಿ ಮುಟ್ಟಾಕಿಲ್ವಂತಾ? ಅಂಗಾರೆ ನಾಳೆಯಿಂದ ನಾವ್ ಎಂಗ್ ಇಸ್ಕಳದು?"

ಹಿಂದೆ ನಿಂತಿದ್ದ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಚಪ್ಪರ ಮತ್ತೆ ಬರಿದಾಗುವುದು ನನಗೆ ಕಂಡಿತು. ಈ ಸಲ ಪುಡಿಯೂ ಬೇಡ, ಮಜ್ಜಿಗೆಯೂ ಇಲ್ಲ. ದೊಡ್ಡಮ್ಮನ ಮಾತನ್ನೂ ಅಕ್ಷರ ಬಿಡದೆ ಇಂಗ್ಲಿಷಿಗೆ ತಂದೆ.

ಮಿಸ್ಸಮ್ಮ ಮುಂದೆ ಬಂದಳು. ತನ್ನ ಮೇಲಧಿಕಾರಿಯ ಕಡೆ ನೋಡದೆ ಪೀಪಾಯಿಯನ್ನು ತಬ್ಬಿ ಹಿಡಿದು, "ರಾಗಿ ನನಗೆ ಬೇಕು. ನಾನು ತಿನ್ನುತ್ತೇನೆ" ಎಂದಳು. ಎತ್ತಲು ಆಗಲಿಲ್ಲ. ಸೊಸೆಯಂದಿರು ನಗುತ್ತಾ ಬಂದು ಕೈ ಕೊಟ್ಟರು, ಜೀಪಿನ ಡ್ರೈವರೂ ಬಂದ. ದೆಹಲಿಯವರು ಒಂದು ನಿಮಿಷ ನೋಡಿ, ಆಮೇಲೆ ತಾವೂ ಬಗ್ಗಿ ಒಂದು ಅಂಚು ಹಿಡಿದರು. ಪೀಪಾಯಿ ಜೀಪು ಸೇರಿತು.

ಹೊರಡುವಾಗ ಅವರು ಮಿಸ್ಸಮ್ಮನ ಕೈ ಹಿಡಿದು, ಈ ಜನರನ್ನು ಅವಳಷ್ಟು ಅರ್ಥಮಾಡಿಕೊಂಡವರನ್ನು ತಾವು ಕಂಡಿಲ್ಲವೆಂದರು. ನನ್ನ ಇಂಗ್ಲಿಷನ್ನು ಹೊಗಳಿದರು.

ಅವಳು ಅಲ್ಲಿದ್ದಷ್ಟು ದಿನವೂ ಆ ರಾಗಿಯನ್ನು ತಿಂದಳೆಂದು ಡ್ರೈವರ್ ಹೇಳುತ್ತಿದ್ದ. ಆಮೇಲೆ ಅವಳನ್ನು ಕೃಷ್ಣರಾಜನಗರದ ಕಡೆ, ಭೇರ್ಯದ ಹತ್ತಿರದ ಊರುಗಳಿಗೆ ಕಳಿಸಿದರು. ಪುಡಿ ಇನ್ನೊಂದು ಮಳೆಗಾಲ ಬಂದು ನಿಂತಿತು. ಏಕೆಂದು ನಮಗೆ ಯಾರೂ ತಿಳಿಸಲಿಲ್ಲ. ಮನೆಗಳ ಸರದಿ ನಿಲ್ಲಲಿಲ್ಲ. ಅದಕ್ಕೆ ವರದಿಯಲ್ಲಿ ಕಲಮು ಕೊನೆಗೂ ಬರಲಿಲ್ಲ.

ಅವಳು ಹೋದ ಮೇಲಿನ ಒಂದು ಬೆಳಿಗ್ಗೆ ಎಂದಿನಂತೆ ಗಡಿಗೆ ತೊಳೆದು ಒಣಗಿಸಿದೆ. ಮೈಸೂರಿನಿಂದ ಅಮ್ಮ ಕಳಿಸಿದ್ದ ತಂಬಿಟ್ಟಿನ ಉಂಡೆಗಳನ್ನು ಬಾಳೆಲೆಯಲ್ಲಿ ಸುತ್ತಿ ಅದರೊಳಗಿಟ್ಟೆ. ದೊಡ್ಡಮ್ಮ ಕಡೆಯುತ್ತಿದ್ದರು. ಗಡಿಗೆಯನ್ನು ಮುಂದಿಟ್ಟಾಗ ಅವರು ಬಗ್ಗಿ ಒಳಗೆ ನೋಡಿದರು, ಆಮೇಲೆ ನನ್ನನ್ನು.

"ಸರ್ಕಾರದ್ದಾ, ನಿಮ್ದಾ?"

"ನಮ್ಮಮ್ಮ ಮಾಡಿದ್ದು."

ಅವರು ಒಂದು ಉಂಡೆ ಮುರಿದು ಬಾಯಿಗೆ ಹಾಕಿಕೊಂಡು ನಿಧಾನವಾಗಿ ಅಗಿದರು. ಚೆನ್ನಾಗಿದೆ ಎನ್ನಲಿಲ್ಲ. ಸೊಸೆ ಮಣೆ ತಂದಾಗ ಕೈಯಲ್ಲೇ ಬೇಡವೆಂದು ಹೇಳಿ, ಕಡೆಯುವ ಗಡಿಗೆಯ ಪಕ್ಕದ ನೆಲವನ್ನು ಸೆರಗಿನಿಂದ ಒರೆಸಿದರು. ನಾನು ಅಲ್ಲಿ ಕುಳಿತೆ. ಬೆಣ್ಣೆ ತೇಲುವವರೆಗೆ ಅವರು ಕಡೆಯುತ್ತಲೇ ಇದ್ದರು. ಆಮೇಲೆ ಅವರು ಒಂದು ಉಂಡೆ ತೆಗೆದು ನೀರು ಕೊಡವಿ ನನ್ನ ಅಂಗೈಗೆ ಹಾಕಿದರು.

ತಣ್ಣಗಿತ್ತು. ತಿನ್ನುವ ಮೊದಲು ಅಂಗೈಯನ್ನು ಸ್ವಲ್ಪ ಬೆಳಕಿಗೆ ಹಿಡಿದು ನೋಡಿದೆ, ಮಿಸ್ಸಮ್ಮನಿಗೆ ಕೊಟ್ಟದ್ದು ಇದಕ್ಕಿಂತ ದೊಡ್ಡದಿತ್ತೇ ಎಂದು.